ಪೀಣ್ಯದಲ್ಲಿ ಮಾಡಿಸಿದ ಗೇಟ್ ಆಂಟೆನಾ: ದುಡ್ಡಿಗೆ ಮೋಸವಿಲ್ಲ, ಮುಚ್ಚಳದ ವಿಷಯ ಮಾತ್ರ ಕೇಳಿ

ಅಪಾರ್ಟ್‌ಮೆಂಟ್ ಗೇಟುಗಳಿಗೆ ಆರ್‌ಎಫ್‌ಐಡಿ ರೀಡರ್ (ರೇಡಿಯೋ ತರಂಗದಿಂದ ಟ್ಯಾಗ್ ಗುರುತಿಸುವ ಸಾಧನ) ಹಾಕಿಕೊಡುವುದು ನನ್ನ ಕೆಲಸ. ಕಾರಿನ ಗಾಜಿಗೆ ಅಂಟಿಸಿದ ಟ್ಯಾಗ್ ಓದಬೇಕು, ಬೂಮ್ ಬ್ಯಾರಿಯರ್ ಏಳಬೇಕು, ಅಷ್ಟೇ. ವೈಟ್‌ಫೀಲ್ಡ್ ಕಡೆಯ ಒಂದು ಸೈಟಿನಲ್ಲಿ ಎರಡು ಲೇನುಗಳು ತೀರಾ ಹತ್ತಿರ. ಹೊರಗೆ ಹೋಗುವ ಕಾರಿಗೆ ಒಳಗೆ ಬರುವ ಗೇಟ್ ಏಳುತ್ತಿತ್ತು. ರೀಡರ್‌ನ ಪವರ್ ಇಳಿಸಿದರೆ ನಮ್ಮ ಲೇನಿನ ಟ್ಯಾಗೂ ಓದುತ್ತಿರಲಿಲ್ಲ.

ಮಾರ್ಕೆಟ್‌ನಲ್ಲಿ ಸಿಗುವ ಇಂಪೋರ್ಟೆಡ್ ಆಂಟೆನಾಗಳಲ್ಲಿ ಎಷ್ಟೋ ಅಮೆರಿಕದ 902–928 ಮೆಗಾಹರ್ಟ್ಸ್‌ಗೆ ಟ್ಯೂನ್ ಆದವು. ನಮ್ಮ ರೀಡರ್ ಓಡುವುದು 865–867ರಲ್ಲಿ. ಹಾಗಾಗಿ ಹೇಳಿ ಮಾಡಿಸೋಣ ಅಂತ ಪೀಣ್ಯದ ಒಂದು ಸಣ್ಣ ಘಟಕಕ್ಕೆ ಹೋದೆ.

ಅಲ್ಲಿನ ಡಿಸೈನ್ ಎಂಜಿನಿಯರ್ ಮೇಡಂ ಮೊದಲು ಕೇಳಿದ್ದು ಕಂಬದ ಎತ್ತರ, ಲೇನಿನ ಅಗಲ, ಕೇಬಲ್ ಉದ್ದ. ಆಮೇಲೆ ಒಂದೇ ಮಾತು: "ಸಾರ್, ನಿಮಗೆ ದೂರ ಓದೋದು ಬೇಕಾಗಿಲ್ಲ, ಪಕ್ಕದ್ದನ್ನ ಓದದೇ ಇರೋದು ಬೇಕು." ಇದು ನನಗೆ ತುಂಬಾ ಹಿಡಿಸಿತು.

ಆಂಟೆನಾದಲ್ಲಿ ತರಂಗ ಹೊರಡಿಸುವ ಚಪ್ಪಟೆ ಲೋಹದ ತುಂಡಿಗೆ ಪ್ಯಾಚ್ ಅನ್ನುತ್ತಾರೆ. ಒಂದು ಪ್ಯಾಚ್‌ನ ಬೀಮ್ ಸುಮಾರು 70 ಡಿಗ್ರಿ ಹರಡುತ್ತದೆ. ಎರಡು ಪ್ಯಾಚ್‌ಗಳನ್ನು ಅಕ್ಕಪಕ್ಕ ಇಟ್ಟು ಒಂದೇ ಫೇಸಿನಲ್ಲಿ, ಅಂದರೆ ಎರಡರ ಅಲೆಗಳೂ ಒಟ್ಟಿಗೆ ಏರಿಳಿಯುವಂತೆ, ಫೀಡ್ ಮಾಡಿದರೆ ಅದು 40ರ ಆಸುಪಾಸಿಗೆ ಇಳಿಯುತ್ತದೆ. ಒಂದರ ಮೇಲೊಂದು ಇಟ್ಟರೆ ಬೀಮ್ ಕಿರಿದಾಗುವುದು ಮೇಲೆ-ಕೆಳಗೆ ಮಾತ್ರ, ಲೇನಿನ ಸಮಸ್ಯೆಗೆ ಉಪಯೋಗವಿಲ್ಲ. 866 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 34.6 ಸೆಂ.ಮೀ. ಪ್ಯಾಚ್‌ಗಳ ನಡುಮಧ್ಯದ ಅಂತರ ಅಷ್ಟಕ್ಕೆ ಹೋದರೆ ಬದಿಗಳಲ್ಲಿ ಹೊಸ ಬೀಮ್‌ಗಳು ಹುಟ್ಟಿ, ಮತ್ತೆ ಪಕ್ಕದ ಲೇನೇ ಗತಿ. ಇವರು ಸುಮಾರು 21 ಸೆಂ.ಮೀ. ಇಟ್ಟರು.

ದುಬಾರಿ ರೋಜರ್ಸ್ ಶೀಟ್ (ಸಿಗ್ನಲ್ ನಷ್ಟ ಕಮ್ಮಿ ಇರುವ ಸರ್ಕ್ಯೂಟ್ ಬೋರ್ಡ್) ಬೇಕಾ ಅಂತ ನಾನೇ ಕೇಳಿದೆ. ಬೇಡ ಅಂದರು. ಪ್ಯಾಚ್ ಹಿತ್ತಾಳೆ ತಗಡಿನದು, ಕೆಳಗೆ ಬರೀ ಗಾಳಿ, ನೈಲಾನ್ ಸ್ಪೇಸರ್‌ಗಳ ಮೇಲೆ ನಿಂತಿದೆ. ಎರಡು ಪ್ಯಾಚ್‌ಗೂ ಪವರ್ ಹಂಚುವ ಪವರ್ ಡಿವೈಡರ್ ಮಾತ್ರ ಎಫ್‌ಆರ್4 ಅನ್ನುವ ಮಾಮೂಲಿ ಸರ್ಕ್ಯೂಟ್ ಬೋರ್ಡಿನಲ್ಲಿ. ಈ ಫ್ರೀಕ್ವೆನ್ಸಿಯಲ್ಲಿ ಅದರ ನಷ್ಟ ಕಮ್ಮಿ. 5.8 ಗಿಗಾಹರ್ಟ್ಸ್ ಆಗಿದ್ದರೆ ಬೇರೆ ಮಾತು. ಪ್ಯಾಚನ್ನೇ ಎಫ್‌ಆರ್4 ಮೇಲೆ ಪ್ರಿಂಟ್ ಮಾಡಿದರೆ ಬೋರ್ಡಿನ ಲಾಟ್ ಬದಲಾದಾಗಲೆಲ್ಲ ಟ್ಯೂನಿಂಗ್ ಜಾರುತ್ತದೆ. ಮೂಲೆ ಕತ್ತರಿಸಿದ ಪ್ಯಾಚ್ ಆದ್ದರಿಂದ ಸರ್ಕ್ಯುಲರ್ ಪೋಲರೈಸೇಶನ್ ಸಿಗುತ್ತದೆ, ಅಂದರೆ ಅಲೆ ಸುತ್ತುತ್ತಾ ಹೊರಡುತ್ತದೆ, ಟ್ಯಾಗ್ ಅಡ್ಡ ಅಂಟಿಸಿದರೂ ಓದುತ್ತದೆ. ಇಂಥ ಪ್ಯಾಚ್‌ನ ಬ್ಯಾಂಡ್‌ವಿಡ್ತ್ ಕಿರಿದು ಅಂತ ದೂರುವವರಿದ್ದಾರೆ. ನಮಗೆ ಬೇಕಿರುವುದೇ 2 ಮೆಗಾಹರ್ಟ್ಸ್ ಅಲ್ವಾ?

ಈಗ ತಕರಾರು. ಸ್ಯಾಂಪಲ್ ಜೊತೆ ಬಂದ ಟೆಸ್ಟ್ ರಿಪೋರ್ಟ್ ಚೆನ್ನಾಗಿತ್ತು, ಆದರೆ ಅಳತೆ ಮಾಡಿದ್ದು ಎಬಿಎಸ್ ಪ್ಲಾಸ್ಟಿಕ್ ಮುಚ್ಚಳ ಹಾಕುವ ಮೊದಲು! ಪ್ಲಾಸ್ಟಿಕ್ ಹತ್ತಿರ ಬಂದರೆ ಫ್ರೀಕ್ವೆನ್ಸಿ ಕೆಳಗಿಳಿಯುತ್ತದೆ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಮುಚ್ಚಳ ಹಾಕಿಸಿ ವಿಎನ್‌ಎಗೆ (ಆಂಟೆನಾ ಅಳೆಯುವ ಉಪಕರಣ) ಜೋಡಿಸಿದಾಗ ರಿಟರ್ನ್ ಲಾಸ್ (ಇದು ಹೆಚ್ಚಿದ್ದಷ್ಟೂ ಒಳ್ಳೆಯದು) 10 ಡಿಬಿಗಿಂತ ಕೆಳಗೆ ಬಿತ್ತು. ಅಂದರೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಪವರ್ ವಾಪಸ್. ಪ್ಯಾಚ್ ಅಳತೆ ಚಿಕ್ಕದು ಮಾಡಿ ಸರಿಪಡಿಸಿಕೊಟ್ಟರು, ದುಡ್ಡು ಕೇಳಲಿಲ್ಲ, ಆದರೆ ಸೈಟಿನವರ ಫೋನ್ ತಡೆದುಕೊಂಡವನು ನಾನು. ಆಂಟೆನಾ ಅಳೆಯುವ ವಿಶೇಷ ಕೋಣೆಯ (ಚೇಂಬರ್) ಬಾಡಿಗೆಯನ್ನೂ ಕೊಟೇಶನ್ನಿನಲ್ಲಿ ಹೇಳದೆ ಬಿಲ್ಲಿನಲ್ಲಿ ಸೇರಿಸಿದ್ದರು.

ಎನ್-ಟೈಪ್ ಕನೆಕ್ಟರ್ ಗಟ್ಟಿಯಾಗಿದೆ. ಮಳೆಗಾಲದಲ್ಲೂ ನೀರು ಒಳಗೆ ಹೋಗಲಿಲ್ಲ. ಬ್ರಾಕೆಟ್ ಮಾತ್ರ ಸುಮಾರು, ಬೇರೆ ಮಾಡಿಸಿದೆ.

ಇನ್ನೊಂದು ವಿಷಯ. ನಿಯಮದ ಪ್ರಕಾರ ರೀಡರ್‌ಗೆ 1 ವಾಟ್, ಆಂಟೆನಾದಿಂದ ಹೊರಬೀಳುವುದು 4 ವಾಟ್ ಇಆರ್‌ಪಿ (ಆಂಟೆನಾ ಪವರನ್ನು ಒಂದು ದಿಕ್ಕಿಗೆ ಒಟ್ಟುಗೂಡಿಸುವುದನ್ನೂ, ಅಂದರೆ ಗೇನನ್ನೂ, ಸೇರಿಸಿದ ಲೆಕ್ಕ), ಅಷ್ಟೇ ಮಿತಿ. ಎರಡು ಪ್ಯಾಚ್ ಸೇರಿ ಗೇನ್ ಜಾಸ್ತಿಯಾದಾಗ ರೀಡರ್ ಪವರ್ ಇಳಿಸಲೇಬೇಕು. ಎಷ್ಟಕ್ಕೆ ಇಳಿಸಬೇಕು ಅಂತ ಕೇಬಲ್ ನಷ್ಟವನ್ನೂ ಲೆಕ್ಕ ಹಾಕಿ ರಿಪೋರ್ಟಿನಲ್ಲೇ ಬರೆದುಕೊಟ್ಟಿದ್ದರು. ರೆಡಿಮೇಡ್ ಮಾರುವವರು ಯಾರೂ ನನಗೆ ಇದನ್ನು ಹೇಳಿರಲಿಲ್ಲ.

ಬೆಲೆ ರೆಡಿಮೇಡ್‌ಗಿಂತ ಸುಮಾರು ಎರಡು ಪಟ್ಟು, ಡಿಸೈನ್ ಚಾರ್ಜ್ ಬೇರೆ. ಒಂದೇ ಗೇಟಿಗೆ ಇದು ಗಿಟ್ಟುವುದಿಲ್ಲ. ನನಗೆ ಇಂಥದ್ದೇ ಇಕ್ಕಟ್ಟಿನ ಸೈಟುಗಳು ಇನ್ನೂ ಇವೆ, ಅವಕ್ಕೂ ಇಲ್ಲೇ ಆರ್ಡರ್ ಕೊಟ್ಟಿದ್ದೇನೆ. "ಮುಚ್ಚಳ ಹಾಕಿದ ಮೇಲೆ ಅಳೆದ ರಿಪೋರ್ಟ್ ಬೇಕು" ಅಂತ ಈ ಸಲ ಪಿಒದಲ್ಲೇ (ಪರ್ಚೇಸ್ ಆರ್ಡರ್) ಬರೆಸಿದ್ದೇನೆ.