ಸಿಲಿಂಡರ್ ಬಿಗಿಯಾದರೆ ಸ್ಪ್ರಿಂಗನ್ನು ಬಯ್ಯಬೇಡಿ: ಹಳೆಯ .32 ರಿವಾಲ್ವರ್ ಬಳಕೆದಾರನ ಮಾತು

ಅಪ್ಪನ ಕಾಲದ ಈ ರಿವಾಲ್ವರಿನ ಮೇಲೆ ನನ್ನ ದೂರು ಒಂದೇ. ಗುರಿ ಅಭ್ಯಾಸದ ರೇಂಜಿನಲ್ಲಿ ಮೊದಲ ಆರು ಗುಂಡು ಸಲೀಸಾಗಿ ಹೋಗುತ್ತವೆ. ಮತ್ತೆ ತುಂಬಿದರೆ ಗುಂಡು ಕೂರುವ ಉರುಳೆ, ಅಂದರೆ ಸಿಲಿಂಡರ್, ತಿರುಗದೆ ಮುಷ್ಕರ ಹೂಡುತ್ತದೆ. ಟ್ರಿಗರ್ ಎಳೆದೆಳೆದು ಬೆರಳು ನೋಯುತ್ತದೆ. ಗುಂಡುಗಳ ಈಗಿನ ಬೆಲೆಗೆ ಸಕಲೇಶಪುರದ ನನ್ನಂಥ ಸಣ್ಣ ಕಾಫಿ ಬೆಳೆಗಾರ ರೇಂಜಿಗೆ ಹೋಗುವುದೇ ಅಪರೂಪ. ಹೋದ ದಿನವೂ ಹೀಗಾದರೆ ಸಿಟ್ಟು ಬಾರದಿರುತ್ತದೆಯೇ?

ಅಂಗಡಿಯವರೊಬ್ಬರು ಕೈಗೆತ್ತಿಕೊಂಡ ಕೂಡಲೇ ‘ಸ್ಪ್ರಿಂಗ್ ಹೋಗಿದೆ ಸಾರ್’ ಎಂದರು. ಸ್ಪ್ರಿಂಗ್ ಸೋತಿದ್ದರೆ ಗುಂಡನ್ನು ಸಿಡಿಸಲು ಬಡಿಯುವ ಹ್ಯಾಮರಿನ ಹೊಡೆತ ಮೆದುವಾಗಿ ಗುಂಡು ಸಿಡಿಯದೆ ಉಳಿಯಬೇಕು, ಸಿಲಿಂಡರ್ ಯಾಕೆ ಬಿಗಿಯಬೇಕು? ಖಾಲಿ ಇದ್ದಾಗ ಅದೇ ಸಿಲಿಂಡರ್ ಹಾಯಾಗಿ ತಿರುಗುತ್ತಿತ್ತು.

ಕೊನೆಗೆ ಹಾಸನದಲ್ಲಿ ಪರವಾನಗಿಯಿರುವ ಹಿರಿಯ ರಿಪೇರಿಯವರೊಬ್ಬರು ಭೂತಗನ್ನಡಿ ಹಿಡಿದು ತೋರಿಸಿದರು. ಈ ಮಾದರಿಯನ್ನು ನಡುವೆ ಮಡಚಿ ತೆರೆದರೆ, ಸಿಲಿಂಡರಿನ ಹಿಂಬದಿಯಿಂದ ನಕ್ಷತ್ರದಂಥ ತಟ್ಟೆಯೊಂದು ಎದ್ದು ಖಾಲಿ ತೋಟಾಗಳನ್ನೆಲ್ಲ ಒಟ್ಟಿಗೆ ಹೊರದಬ್ಬುತ್ತದೆ. ಸುಡದೆ ಉಳಿದ ಮದ್ದಿನ ಕಣಗಳು ಆಗ ತಟ್ಟೆಯಡಿಗೆ ಬೀಳುತ್ತವೆ. ತಟ್ಟೆ ಪೂರ್ತಿ ಕೂರುವುದಿಲ್ಲ. ಹೊಸ ಗುಂಡುಗಳ ಬುಡ ಕೂದಲೆಳೆಯಷ್ಟು ಹೊರಗುಳಿದು ಹಿಂದಿನ ಕಬ್ಬಿಣಕ್ಕೆ ಉಜ್ಜುತ್ತದೆ. ಇಷ್ಟೇ ಕಾಯಿಲೆ! ಒಣಗಿದ ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಿದರೆ ವಾಸಿ. ಅಲ್ಲಿಗೆ ಎಣ್ಣೆ ಸುರಿಯಬಾರದು, ಕಸ ಇನ್ನಷ್ಟು ಅಂಟುತ್ತದೆ.

ಅಂದಿನಿಂದ ಇದರ ಮೇಲಿನ ಮುನಿಸು ಕರಗಿದೆ. ಭಾನುವಾರ ಊಟವಾದ ಮೇಲೆ ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕುತ್ತೇನೆ. ಸಿಲಿಂಡರಿನಲ್ಲಿ ಗುಂಡು ಕೂರುವ ಆರೂ ಗೂಡು ಖಾಲಿಯೆಂದು ಬೆಳಕಿಗೆ ಹಿಡಿದು, ಬೆರಳಾಡಿಸಿ ನೋಡುತ್ತೇನೆ. ಹಳೆಯ ಪಂಚೆಯ ತುಂಡು ಹಾಸಿ, ತಟ್ಟೆ ಎತ್ತಿ, ಅಡಿಯನ್ನು ಗುಡಿಸಿ, ಹೊರಮೈಗೆ ತೆಳುವಾಗಿ ಎಣ್ಣೆ ಸವರುತ್ತೇನೆ. ದೇವರ ಪಾತ್ರೆಗೂ ಇಷ್ಟು ಭಕ್ತಿಯಿಲ್ಲ ಎಂದು ಮನೆಯವಳ ಆಕ್ಷೇಪ. ಆರಿದ್ರೆ ಮಳೆ ಹಿಡಿದರೆ ಚರ್ಮದ ಚೀಲ ಮೊಳೆಗೆ, ರಿವಾಲ್ವರ್ ಬೀರುವಿಗೆ. ಚರ್ಮ ತೇವ ಹೀರಿ ತುಕ್ಕು ತರಿಸುತ್ತದೆ.

ಹೊಸದು ಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ತೋಟದ ಜೋಡುನಳಿಗೆ ಕೋವಿ ಒಂದು, ಇದೊಂದು. ನನ್ನ ಲೆಕ್ಕ ಭರ್ತಿ. ಇದನ್ನು ಮಾರುವ ಮನಸ್ಸಂತೂ ಇಲ್ಲ.

ಆದರೆ ಹ್ಯಾಮರ್ ಎಳೆದಾಗ ಗೂಡು ನಳಿಗೆಗೆ ನೇರವಾಗಿ ನಿಲ್ಲದಿದ್ದರೆ ಅದು ಬ್ರಷ್ಷಿಗೆ ಬಗ್ಗುವ ರೋಗವಲ್ಲ. ಒಂದು ಗುಂಡನ್ನೂ ಹೊಡೆಯದೆ ರಿಪೇರಿಗೆ ಒಯ್ಯಿರಿ. ನನ್ನದರಲ್ಲಿ ಈಗ, ಮಡಚುವ ರಿವಾಲ್ವರನ್ನು ಮುಚ್ಚಿ ಹಿಡಿದಿಡುವ ಮೇಲಿನ ಕೊಂಡಿ ತುಸು ಸಡಿಲವಾದಂತಿದೆ. ತೋರಿಸುವವರೆಗೆ ರೇಂಜಿಗೆ ಹೋಗುವುದಿಲ್ಲ.