ಮೊದಲು ಯಾವುದು ಕೇಳಬೇಕು: ‘ಪೆರ್ ಉನ್ ಅಮೀಕೋ’ನಾ, ‘ಡಾರ್ವಿನ್!’ ಆ?

ಇಟಲಿಯ ಪ್ರೋಗ್ರೆಸಿವ್ ರಾಕ್ (ಶಾಸ್ತ್ರೀಯ ಸಂಗೀತದಂತೆ ಉದ್ದವಾಗಿ, ಜಟಿಲವಾಗಿ ಹೆಣೆದ ರಾಕ್) ಕೇಳಲು ಹೊರಟವರಿಗೆ ಈ ಎರಡು ಆಲ್ಬಂಗಳಲ್ಲಿ ಒಂದನ್ನು ಆರಿಸುವುದು ಕಷ್ಟ. ಎರಡೂ ಬಂದದ್ದು 1972ರಲ್ಲೇ.

ಮಿಲಾನ್‌ನ ಪಿಎಫ್‌ಎಂ (ಪ್ರೆಮಿಯಾಟಾ ಫೋರ್ನೇರಿಯಾ ಮಾರ್ಕೋನಿ) ತಂಡದ ‘ಪೆರ್ ಉನ್ ಅಮೀಕೋ’ ಅಂದರೆ ‘ಗೆಳೆಯನಿಗಾಗಿ’. ಐದೇ ಹಾಡು, ಸುಮಾರು 34 ನಿಮಿಷ. ಮೌರೋ ಪಗಾನಿಯ ಕೊಳಲು, ಪಿಟೀಲು ಇದರ ಜೀವ. ರಾಕ್ ಗದ್ದಲ ಆಗಿಬರದವರಿಗೂ ಹಿಡಿಸುತ್ತದೆ. ಇದರ ಬಹುಪಾಲು ಹಾಡುಗಳು 1973ರಲ್ಲಿ ಇಂಗ್ಲೆಂಡಿನ ಗೀತರಚನೆಕಾರ ಪೀಟ್ ಸಿನ್‌ಫೀಲ್ಡ್ ಬರೆದ ಇಂಗ್ಲಿಷ್ ಸಾಹಿತ್ಯದೊಂದಿಗೆ ಮತ್ತೆ ಬಂದವು. ಆದರೂ ಇಟಾಲಿಯನ್‌ನಲ್ಲೇ ಕೇಳಿ. ಆ ರಾಗಕ್ಕೆ ಆ ಭಾಷೆಯೇ ಚೆಂದ.

ರೋಮ್‌ನ ಬ್ಯಾಂಕೋ ತಂಡದ ‘ಡಾರ್ವಿನ್!’ ಅಷ್ಟು ಬೇಗ ಒಲಿಯುವುದಿಲ್ಲ. ಜೀವವಿಕಾಸವೇ ಇಡೀ ಆಲ್ಬಂನ ವಸ್ತು. ಮೊದಲ ಹಾಡೇ ಹದಿಮೂರು ನಿಮಿಷಕ್ಕೂ ಜಾಸ್ತಿ. ನೊಚೆಂಜಿ ಸಹೋದರರ ಪಿಯಾನೋ ಮತ್ತು ಆರ್ಗನ್ ಒಂದರ ಮೇಲೊಂದು ಏರಿ ಬರುತ್ತವೆ. ಮೊದಲ ಸಲ ತಲೆ ತಿರುಗಬಹುದು, ಬಿಡಬೇಡಿ. ಏಳೂವರೆ ಲಕ್ಷ ವರ್ಷಗಳ ಹಿಂದಿನ ಪ್ರೀತಿಯ ಬಗ್ಗೆ ಹಾಡೊಂದು ಇದರಲ್ಲಿದೆ. ಇನ್ನೂ ಪೂರ್ತಿ ಮನುಷ್ಯನಾಗದ ಜೀವಿಯೊಂದು ಹೆಣ್ಣನ್ನು ದೂರದಿಂದ ನೋಡಿ ಹಂಬಲಿಸುತ್ತದೆ. ತಂಡದ ಗಾಯಕ ಫ್ರಾನ್ಚೆಸ್ಕೋ ದಿ ಜಾಕೊಮೊ ಅದನ್ನು ಒಪೆರಾ ಗಾಯಕನಂತೆ ಎದೆ ತುಂಬಿ ಹಾಡುತ್ತಾರೆ. ಭಾಷೆ ಬಾರದಿದ್ದರೂ ಗಂಟಲು ಕಟ್ಟುತ್ತದೆ. ದಿ ಜಾಕೊಮೊ 2014ರಲ್ಲಿ ತೀರಿಕೊಂಡರು. ಅಂಥ ದನಿ ಮತ್ತೆ ಸಿಗುತ್ತದಾ?

ಬೆಳಿಗ್ಗೆ ಸುಮ್ನೆ ಕೂತು ಕೇಳಲು ಪಿಎಫ್‌ಎಂ ಸಾಕು. ಒಂದನ್ನೇ ಕೊಳ್ಳುವುದಾದರೆ ‘ಡಾರ್ವಿನ್!’ ತಗೊಳ್ಳಿ. ಸಾಹಿತ್ಯದ ಅನುವಾದ ಕೈಯಲ್ಲಿ ಹಿಡಿದು, ರಾತ್ರಿ ಹೆಡ್‌ಫೋನ್ ಹಾಕಿ ಕೇಳಿ.