ಲಿಸ್ಬನ್ ಎರಡು ದಿನ, ಪೋರ್ಟೊ ಮೂರು ದಿನ: ನನ್ನ ಲೆಕ್ಕ

ಪೋರ್ಚುಗಲ್ ನೋಡಲು ನಮಗೆ ಸಿಕ್ಕಿದ್ದು ಐದೇ ದಿನ. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ರಾಜಧಾನಿ ಲಿಸ್ಬನ್‌ನಲ್ಲೇ ಉಳಿದುಕೊಳ್ಳಿ, ಉತ್ತರದ ಪೋರ್ಟೊ ಬೇಕಿದ್ದರೆ ಒಂದು ದಿನ ಹೋಗಿ ಬನ್ನಿ. ನಾನು ಉಲ್ಟಾ ಮಾಡಿದೆ. ಲಿಸ್ಬನ್‌ಗೆ ಎರಡು ದಿನ, ಪೋರ್ಟೊಗೆ ಮೂರು. ಬಂದ ಮೇಲೂ ಅದೇ ಸರಿ ಅನ್ನಿಸುತ್ತಿದೆ. ಆದರೆ ಎಲ್ಲರಿಗೂ ಇದೇ ಲೆಕ್ಕ ಸರಿಹೋಗುತ್ತದೆ ಅಂತ ಹೇಳಲಾರೆ.

ಲಿಸ್ಬನ್ ಚಂದದ ಊರು, ಎರಡು ಮಾತಿಲ್ಲ. ತೊಂದರೆ ಏನೆಂದರೆ ನೋಡಬೇಕಾದ್ದೆಲ್ಲ ಚೆಲ್ಲಾಪಿಲ್ಲಿ. ಬೆಲೆಂ ಒಂದು ತುದಿ, ದೊಡ್ಡ ಅಕ್ವೇರಿಯಂ ಇನ್ನೊಂದು ತುದಿ, ಅರಮನೆಗಳ ಸಿಂತ್ರಾ ಅಂತೂ ಬೇರೆ ಊರೇ, ರೊಸ್ಸಿಯೊ ಸ್ಟೇಷನ್‌ನಿಂದ ರೈಲಿನಲ್ಲಿ ಸುಮಾರು 40 ನಿಮಿಷ. ಎರಡು ದಿನದಲ್ಲಿ ಅರ್ಧ ದಿನ ಓಡಾಟಕ್ಕೆ, ಇನ್ನರ್ಧ ಸಾಲಿನಲ್ಲಿ ನಿಲ್ಲುವುದಕ್ಕೆ.

ಸಾಲು ಅಂದರೆ 28ನೇ ನಂಬರಿನ ಹಳದಿ ಟ್ರಾಮ್. ಎಲ್ಲ ಫೋಟೋದಲ್ಲೂ ಇರುತ್ತಲ್ಲ, ಅದೇ. ಅದು ಹೊರಡುವ ಮಾರ್ತಿಂ ಮೊನಿಜ್‌ನಲ್ಲಿ ಬಿಸಿಲಿನಲ್ಲಿ ಒಂದು ಗಂಟೆ ಕಾದು ಹತ್ತಿದೆವು. ಕೂರಲು ಜಾಗ ಇಲ್ಲ. ಹಳೇ ಬಡಾವಣೆ ಆಲ್ಫಾಮಾದ ಓಣಿಗಳಲ್ಲಿ ಗೋಡೆಗೆ ಉಜ್ಜುವ ಹಾಗೆ ಹೋಗುತ್ತದೆ ಅಂತ ಕೇಳಿದ್ದೆ, ನನಗೆ ಕಂಡಿದ್ದು ಮುಂದೆ ನಿಂತವನ ಬೆನ್ನುಚೀಲ ಮಾತ್ರ. ಜೇಬುಗಳ್ಳರ ಭಯ ಬೇರೆ, ಒಂದು ಕೈ ಕಂಬದ ಮೇಲೆ, ಇನ್ನೊಂದು ಜೇಬಿನ ಮೇಲೆ. ಅಲ್ಲೇ ಒಬ್ಬ ಅಜ್ಜಿ ತರಕಾರಿ ಚೀಲವನ್ನು ಕಾಲ ಮಧ್ಯೆ ಒತ್ತಿಕೊಂಡು ನಿಂತಿದ್ದರು. ಅವರಿಗೆ ಅದು ದಿನಾ ಮನೆಗೆ ಹೋಗುವ ಬಂಡಿ, ನಮಗೆ ಆಟದ ಸಾಮಾನು. ಸ್ವಲ್ಪ ನಾಚಿಕೆಯಾಯಿತು. ಹತ್ತಲೇಬೇಕು ಅನ್ನುವವರು ಬೆಳಿಗ್ಗೆ ಬೇಗ, ಇನ್ನೊಂದು ತುದಿಯ ಕಾಂಪೊ ದೆ ಒರಿಕ್‌ನಿಂದ ಹತ್ತಿ.

ಲಿಸ್ಬನ್‌ನಲ್ಲಿ ಮನಸ್ಸಿಗೆ ಇಳಿದಿದ್ದು ಎರಡೇ ಜಾಗ. ಒಂದು ಕಾರ್ಮೊ ಚರ್ಚು. 1755ರ ನವೆಂಬರ್ 1ರಂದು ಭೂಕಂಪ, ಅದರ ಹಿಂದೆ ಸಮುದ್ರ, ಅದರ ಹಿಂದೆ ಬೆಂಕಿ. ಆವತ್ತು ಬಿದ್ದ ಚಾವಣಿಯನ್ನು ಮತ್ತೆ ಹಾಕಲೇ ಇಲ್ಲ. ಬರೀ ಕಮಾನುಗಳು, ಮೇಲೆ ಆಕಾಶ. ಅಲ್ಲಿಂದ ಕೆಳಗಿನ ಪೇಟೆ ಬಾಯ್ಷಾಕ್ಕೆ ಇಳಿದರೆ, ವಕ್ರ ಓಣಿಗಳ ಊರು ಇದ್ದಕ್ಕಿದ್ದಂತೆ ಸ್ಕೇಲ್ ಇಟ್ಟು ಗೆರೆ ಎಳೆದಂತೆ ನೆಟ್ಟಗಾಗಿಬಿಡುತ್ತದೆ, ಯಾಕೆಂದರೆ ಆ ಭಾಗವನ್ನು ಭೂಕಂಪದ ನಂತರ ಆಗಿನ ಮಂತ್ರಿ ಮಾರ್ಕಿಸ್ ದೆ ಪೊಂಬಾಲ್ ಹೊಸದಾಗಿ ಕಟ್ಟಿಸಿದ್ದು.

ಇನ್ನೊಂದು ಬೆಲೆಂನ ಜೆರೊನಿಮೊಸ್ ಮಠ. ಚರ್ಚಿನ ಒಳಗೆ ಹೋದ ತಕ್ಷಣವೇ ವಾಸ್ಕೋ ಡ ಗಾಮನ ಸಮಾಧಿ, ಕಲ್ಲಿನ ಮನುಷ್ಯ ಕೈಮುಗಿದು ಮಲಗಿದ್ದಾನೆ. 1498, ಕಲ್ಲಿಕೋಟೆ ಅಂತ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಹೆಸರು. ಸತ್ತದ್ದು 1524ರಲ್ಲಿ, ಕೊಚ್ಚಿಯಲ್ಲಿ. ಅಲ್ಲಿಂದ ಎಷ್ಟೋ ವರ್ಷದ ಮೇಲೆ ಮೂಳೆ ತಂದರು. ಎದುರಿಗೆ ನಿಂತಾಗ ಭಕ್ತಿ ಬರಲಿಲ್ಲ, ಸಿಟ್ಟೂ ಬರಲಿಲ್ಲ, ಸುಮ್ನೆ ನೋಡುತ್ತಾ ನಿಂತೆ. ಪಕ್ಕದಲ್ಲೇ 1837ರಿಂದ ನಡೆಯುತ್ತಿರುವ ಬೆಲೆಂ ಟಾರ್ಟ್ ಅನ್ನುವ ಸಿಹಿತಿಂಡಿಯ ಅಂಗಡಿ. ಬಿಸಿಬಿಸಿ, ಮೇಲೆ ದಾಲ್ಚಿನ್ನಿ ಪುಡಿ. ಮೊಟ್ಟೆ ತಿನ್ನದವರಿಗೆ ಆಗುವುದಿಲ್ಲ, ಒಳಗಿರುವುದೆಲ್ಲ ಮೊಟ್ಟೆಯ ಹಳದಿಯೇ.

ಪೋರ್ಟೊಗೆ ವೇಗದ ರೈಲಿನಲ್ಲಿ ಮೂರು ಗಂಟೆ. ಅಲ್ಲಿನ ಕಾಂಪನ್ಯಾ ಸ್ಟೇಷನ್‌ನಲ್ಲಿ ಇಳಿದು ಇನ್ನೊಂದು ಚಿಕ್ಕ ರೈಲು ಹಿಡಿದರೆ ಐದು ನಿಮಿಷಕ್ಕೆ ಸಾವ್ ಬೆಂತೊ. ಸ್ಟೇಷನ್ನೇ ಒಂದು ಮ್ಯೂಸಿಯಂ. ಹಜಾರದ ಗೋಡೆ ತುಂಬ ಚಿತ್ರ ಬರೆದ ಸುಮಾರು 20,000 ಟೈಲ್ಸ್, ಹೆಚ್ಚಿನವು ನೀಲಿ, ಎಲ್ಲ ಕಲಾವಿದ ಜೊರ್ಜ್ ಕೊಲಾಸೊ ಕೈಚಳಕ. ಟಿಕೆಟ್ ಬೇಡ, ಸಾಲು ಬೇಡ, ಸೂಟ್‌ಕೇಸ್ ಮೇಲೆ ಕೂತು ಎಷ್ಟು ಹೊತ್ತಾದರೂ ನೋಡಬಹುದು. ಒಂದು ಚಿತ್ರ ಉತ್ತರ ಆಫ್ರಿಕಾದ ಸೆಯುಟಾದಲ್ಲಿ ನಡೆದ 1415ರ ಯುದ್ಧದ್ದು. ಆ ದಂಡಯಾತ್ರೆಯ ಹಡಗಿಗೆ ಊರಿನವರು ಒಳ್ಳೆ ಮಾಂಸವೆಲ್ಲ ಕೊಟ್ಟು ತಾವು ಬರೀ ಬೋಟಿ ಇಟ್ಟುಕೊಂಡರಂತೆ, ಅದಕ್ಕೇ ಪೋರ್ಟೊದವರಿಗೆ 'ಬೋಟಿ ತಿನ್ನುವವರು' ಅಂತ ಅಡ್ಡಹೆಸರು. ಕಥೆ ನಿಜವೋ ಸುಳ್ಳೋ, ಹೋಟೆಲುಗಳಲ್ಲಿ ಬೋಟಿ ಸಾರು ಮಾತ್ರ ಈಗಲೂ ಇದೆ. ಲಿಸ್ಬನ್‌ನವರ ಅಡ್ಡಹೆಸರು ಲೆಟಿಸ್ ಸೊಪ್ಪಿನದು. ಯಾರು ಯಾರನ್ನು ಆಡಿಕೊಳ್ಳುತ್ತಾರೆ ಅಂತ ಬೇರೆ ಹೇಳಬೇಕಾ?

ಇಲ್ಲಿ ಎಲ್ಲ ನಡೆದೇ ಮುಗಿಯುತ್ತದೆ. ಕ್ಲೇರಿಗೊಸ್ ಗೋಪುರ, ಬೊಲ್ಯಾವ್ ಮಾರ್ಕೆಟ್, ನದಿ ದಡದ ರಿಬೈರಾ, ಎಲ್ಲ ಹತ್ತು ಹದಿನೈದು ನಿಮಿಷದ ಒಳಗೆ. ಆದರೆ ಮ್ಯಾಪಿನಲ್ಲಿ 300 ಮೀಟರ್ ಅಂದರೆ ಮಂಡಿಗೆ ಮೂರು ಮಹಡಿ, ಅದು ನೆನಪಿರಲಿ. ಸಂಜೆ 1886ರ ದೊಂ ಲೂಯಿಸ್ ಸೇತುವೆಯ ಮೇಲಿನ ಅಂತಸ್ತಿನಲ್ಲಿ ನಡೆದೆವು. ಪಕ್ಕದಲ್ಲೇ ಮೆಟ್ರೊ ಗಂಟೆ ಬಾರಿಸುತ್ತಾ ಮೆಲ್ಲಗೆ ಹೋಗುತ್ತದೆ, ಜನ ಸರಿದು ಮತ್ತೆ ಹಳಿ ಮೇಲೆ ಬಂದು ಫೋಟೋ ತೆಗೆಯುತ್ತಾರೆ. ಆಚೆ ದಡ ಗಾಯಾ, ಪೋರ್ಟ್ ವೈನಿನ ಗೋಡೌನುಗಳ ಊರು. ಕುಡಿಯದವರೂ ಒಂದು ಸಲ ಒಳಗೆ ಹೋಗಿ, ಆ ತಂಪು, ಆ ಪೀಪಾಯಿಗಳ ವಾಸನೆಗಾಗಿ.

ಗೆಸ್ಟ್‌ಹೌಸಿನವರು ಬಾಗಿಲ ಬಳಿ ಬೀಗದ ಕೈ ಎತ್ತಿ ಹಿಡಿದು 'ಶಾವ್' ಅಂದರು. ಓ, ಚಾವಿ! ಆಮೇಲೆ ಮೇಜು ತಟ್ಟಿ 'ಮೇಜಾ' ಅಂದರು. ಅಲ್ಲಿಗೆ ನಮ್ಮ ಪೋರ್ಚುಗೀಸ್ ಮುಗಿಯಿತು, ಆದರೂ ನಕ್ಕು ನಕ್ಕು ಸಾಕಾಯಿತು.

ದೂರೂ ಇದೆ. ನದಿ ದಡದ ಒಂದು ಹೋಟೆಲಿನಲ್ಲಿ ಕೂತ ತಕ್ಷಣ ಬ್ರೆಡ್ಡು, ಆಲಿವ್ ತಂದಿಟ್ಟರು. ಫ್ರೀ ಅಂದುಕೊಂಡು ತಿಂದೆವು, ಬಿಲ್ಲಿನಲ್ಲಿ ನಾಲ್ಕು ಯೂರೊ ಜಾಸ್ತಿ. ಆ ದೇಶದಲ್ಲಿ ಇದು ಮಾಮೂಲು, ಬೇಡವಾದರೆ ಮುಟ್ಟದೆ ವಾಪಸ್ ಕಳಿಸಬೇಕು. ಸಸ್ಯಾಹಾರಿಗಳಿಗೆ ಎರಡೂ ಊರಿನಲ್ಲಿ ಕಷ್ಟವೇ. ಸೊಪ್ಪಿನ ಸೂಪು ಅಂತ ತರಿಸಿದರೆ ಅದರಲ್ಲೂ ಒಂದು ಸಾಸೇಜ್ ಚೂರು ತೇಲುತ್ತಿರುತ್ತದೆ, ಕೇಳಿಯೇ ತರಿಸಿ.

ಇನ್ನು ಯಾರಿಗೆ ಯಾವುದು. ಚಳಿಗಾಲದಲ್ಲಿ ಹೋಗುವವರು ನನ್ನ ಮಾತು ಕೇಳಬೇಡಿ, ಪೋರ್ಟೊದಲ್ಲಿ ಆಗ ಮಳೆ ಜಾಸ್ತಿ, ಲಿಸ್ಬನ್ನೇ ವಾಸಿ. ಚಿಕ್ಕ ಮಕ್ಕಳಿದ್ದರೂ ಅಷ್ಟೇ, ಅಕ್ವೇರಿಯಂ ಒಂದೇ ಅರ್ಧ ದಿನ ಹಿಡಿಸುತ್ತದೆ. ಉಳಿದವರು ಲಿಸ್ಬನ್‌ನಲ್ಲಿ ಇಳಿದು ಪೋರ್ಟೊದಿಂದ ವಿಮಾನ ಹತ್ತುವ ಹಾಗೆ ಬುಕ್ ಮಾಡಿ, ವಾಪಸ್ ಬರುವ ಮೂರು ಗಂಟೆ ಉಳಿಯುತ್ತದೆ. ರೈಲು ಟಿಕೆಟ್ ಮುಂಚೆಯೇ ತೆಗೆದರೆ ಅಗ್ಗ. ಹಿಡಿತ ಇರುವ ಶೂ ಹಾಕಿಕೊಳ್ಳಿ, ಎರಡೂ ಊರಿನ ಫುಟ್‌ಪಾತಿನ ಕಲ್ಲು ಸವೆದು ಸವೆದು ನುಣ್ಣಗಾಗಿದೆ, ನಾನು ಒಂದು ಸಲ ಜಾರಿ ಬಿದ್ದೆ.